ಕೆತ್ತನೆಯ ಹಳೆಯ ಜೋಡುನಳಿಗೆ ಕೋವಿ: ಜನರಲ್ ಮನೆತನದ್ದು ಎಂಬ ಮಾತನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಹಳೆಯ ವಸ್ತುಗಳ ಹರಾಜಿನಲ್ಲಿ ಒಂದು ಜೋಡುನಳಿಗೆ ಕೋವಿ ಕೊಂಡೆ. 12 ಬೋರಿನದು. ಹೊರಗೆ ಕಾಣುವ ಎರಡು ಹ್ಯಾಮರ್, ಮೇಲೊಂದು ಲಿವರ್. ನಳಿಗೆಯ ಉದ್ದಕ್ಕೂ ಸುಳಿಸುಳಿಯಾದ ಕಂದು ವಿನ್ಯಾಸ. ಲಾಕಿನ ತಟ್ಟೆಗಳ ಮೇಲೆ ಬಳ್ಳಿ, ಹೂಗೊಂಚಲು, ನಾಯಿ, ಹಕ್ಕಿ ಕೆತ್ತಿದ್ದಾರೆ. ನಳಿಗೆಯ ಮೇಲೆ ಲಂಡನ್ ತಯಾರಕರ ಹೆಸರು, ಹತ್ತಿರದಲ್ಲೇ ಚಿನ್ನದಲ್ಲಿ ಕೂರಿಸಿದ 2 ಎಂಬ ಅಂಕೆ. ಹಿಡಿಯ ಕೆಳಗಿನ ಬೆಳ್ಳಿ ಬಿಲ್ಲೆಯಲ್ಲಿ ಹಕ್ಕಿಯ ತಲೆ, ಮೂರು ಅಕ್ಷರ. ನಳಿಗೆಯ ತಳದಲ್ಲಿ ಹಲವು ಮುದ್ರೆಗಳಿವೆ. 'ನಾಟ್ ಫಾರ್ ಬಾಲ್' ಎಂಬುದು ಮಾತ್ರ ಓದಲು ಬರುತ್ತದೆ. ಚರ್ಮದ ಪೆಟ್ಟಿಗೆಯ ಮುಚ್ಚಳದಲ್ಲಿ 'ಕ್ಯಾಪ್ಟನ್' ಎಂದೂ ಕಾಲ್ದಳದ ರೆಜಿಮೆಂಟಿನ ಅಂಕೆಯೂ ಮಾಸಲಾಗಿ ಕಾಣುತ್ತವೆ. ಜೊತೆಗೆ ಬಂದ ಟೈಪ್ ಮಾಡಿದ ಹಾಳೆಯ ಪ್ರಕಾರ ಇದು ಮೂರು ತಲೆಮಾರು ಸೇನೆಯಲ್ಲಿದ್ದ ಬ್ರಿಟಿಷ್ ಜನರಲ್ ಒಬ್ಬರ ಮನೆತನದ ಕೋವಿ, ಕ್ರಿಮಿಯಾ ಯುದ್ಧಕ್ಕೂ ಹೋಗಿ ಬಂದದ್ದು. ನಂಬಬಹುದೇ? ಬೆಲೆ ಎಷ್ಟಾದೀತು? ಪಾಲಿಶ್ ಮಾಡಿಸಲೇ? ಹಾರಿಸಿ ನೋಡಬಹುದೇ?

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅಲ್ಲಿ ಎಡವಿದರೆ ಆಮೇಲೆ ಸರಿಪಡಿಸಲು ಬರುವುದಿಲ್ಲ. ಪಾಲಿಶ್ ಬೇಡ. ಹಾರಿಸುವುದೂ ಬೇಡ, ಬಲ್ಲವರು ನಳಿಗೆಯನ್ನು ಅಳೆದು ನೋಡುವ ತನಕ ಒಂದು ತೋಟೆಯನ್ನೂ ಒಳಗೆ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ನಿಮ್ಮ ಕೈಗೆ ಬಂದಿರುವುದು ಎರಡು ಬೇರೆ ಬೇರೆ ಸಂಗತಿ. ಒಂದು ಕೋವಿ, ಇನ್ನೊಂದು ಕಥೆ. ಮಾರುವವರು ಎರಡನ್ನೂ ಒಟ್ಟಿಗೆ ಕಟ್ಟಿ ಕೊಡುತ್ತಾರೆ. ನೀವು ಮೊದಲು ಮಾಡಬೇಕಾದ ಕೆಲಸ ಅವನ್ನು ಬಿಡಿಸಿಡುವುದು. ಹಾಳೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕೋವಿ ತನ್ನ ಬಗ್ಗೆ ತಾನೇ ಏನು ಹೇಳುತ್ತದೆ ಅಂತ ಮೊದಲು ಓದಿಕೊಳ್ಳಿ. ಆಮೇಲೆ ಕಥೆ ಅದಕ್ಕೆ ಹೊಂದುತ್ತದೆಯೋ ಇಲ್ಲವೋ ನೋಡಿ. ಬಹಳ ಜನ ಇದನ್ನೇ ತಿರುಗಾಮುರುಗಾ ಮಾಡುತ್ತಾರೆ. ಕಥೆ ನಂಬಿಕೊಂಡು, ಕೋವಿಯಲ್ಲಿ ಅದಕ್ಕೆ ಬೇಕಾದ ಗುರುತು ಹುಡುಕುತ್ತಾರೆ. ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ!

ಕೋವಿಯನ್ನು ಓದುವುದು ಕೆಳಗಿನಿಂದ. ಮೇಲಿರುವ ಹೆಸರು, ನಾಯಿ, ಹಕ್ಕಿ ಎಲ್ಲ ಆಮೇಲೆ. ಖಾಲಿ ಇದೆ ಎಂದು ಕಣ್ಣಾರೆ ನೋಡಿಕೊಂಡು, ನಳಿಗೆಯ ಕೆಳಗಿರುವ ಫೋರ್‌ಎಂಡ್ ಎನ್ನುವ ಮರದ ತುಂಡನ್ನು ಕಳಚಿ. ಲಿವರ್ ತಿರುಗಿಸಿ ನಳಿಗೆಗಳನ್ನು ಇಳಿಸಿ, ಮಗುಚಿ ಹಿಡಿಯಿರಿ. ತೋಟೆ ಕೂರುವ ಕಡೆ ತಳ ಚಪ್ಪಟೆಯಾಗಿದೆ. ಕೋವಿಯ ಜಾತಕ ಅಲ್ಲಿದೆ. ಬ್ರಿಟನ್ನಿನಲ್ಲಿ ಮಾರುವ ಪ್ರತಿ ನಳಿಗೆಯನ್ನೂ ಪ್ರೂಫ್ ಹೌಸ್‌ನಲ್ಲಿ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ಪರೀಕ್ಷಿಸಬೇಕಿತ್ತು. ಪಾಸಾದರೆ ಮುದ್ರೆ. ಲಂಡನ್ನಿನ ಗನ್‌ಮೇಕರ್ಸ್ ಕಂಪನಿಗೆ ರಾಜನ ಸನ್ನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1813ರದು. ಲಂಡನ್ನಿನದಾದರೆ ಕಿರೀಟದ ಕೆಳಗೆ ಹೆಣೆದುಕೊಂಡ ಜಿ ಮತ್ತು ಪಿ, ಇನ್ನೊಂದು ಕಿರೀಟದ ಕೆಳಗೆ ವಿ. ಬರ್ಮಿಂಗ್‌ಹ್ಯಾಮ್‌ನ ಹಳೆಯ ಮುದ್ರೆಯಾದರೆ ಒಂದನ್ನೊಂದು ಅಡ್ಡ ಹಾಯುವ ಎರಡು ರಾಜದಂಡ, ಮೇಲೆ ಕಿರೀಟ. ಲಂಡನ್ ಹೆಸರಿನ ಕೋವಿಯ ತಳದಲ್ಲಿ ಬರ್ಮಿಂಗ್‌ಹ್ಯಾಮ್ ಮುದ್ರೆ ಕಂಡರೆ ಗಾಬರಿ ಬೇಡ. ಲಂಡನ್ನಿನ ಎಷ್ಟೋ ಅಂಗಡಿಗಳು ಅಲ್ಲಿ ಮಾಡಿಸಿ ತಂದು ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು.

ಗಾಬರಿ ಆಗಬೇಕಾದದ್ದು ಬೇರೆ ಕಡೆ. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅಕ್ಷರಗಳು ಕಂಡರೆ ಅದು ಬೆಲ್ಜಿಯಂನ ಲೀಜ್ ಪಟ್ಟಣದ ಮುದ್ರೆ. ಲೀಜ್‌ನಲ್ಲಿ ಬಹಳ ಒಳ್ಳೆಯ ಕೋವಿಗಳೂ ಆಗಿವೆ. ಆದರೆ ಹೆಸರಾಂತ ಇಂಗ್ಲಿಷ್ ತಯಾರಕರ ಹೆಸರನ್ನೇ ಹಾಕಿ, ಇಲ್ಲವೇ ಒಂದೆರಡು ಅಕ್ಷರ ಬದಲಿಸಿ, ರಾಶಿಗಟ್ಟಲೆ ಅಗ್ಗದ ಕೋವಿಗಳೂ ಅಲ್ಲಿಂದ ಹೊರಟವು. ಮೇಲೆ ಲಂಡನ್ ಹೆಸರು, ಕೆಳಗೆ ಬರೀ ಲೀಜ್ ಮುದ್ರೆ ಇದ್ದರೆ ಜನರಲ್ ಕಥೆಯನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ನಿಮ್ಮ ಅದೃಷ್ಟ ಚೆನ್ನಾಗಿದೆ. ನೀವು ಓದಿದ 'ನಾಟ್ ಫಾರ್ ಬಾಲ್', ಅಂದರೆ ಇಡೀ ಗುಂಡಿಗೆ ಅಲ್ಲ, ಎಂಬ ಮೂರು ಮಾತು ಬಹಳ ಬೆಲೆಯುಳ್ಳದ್ದು. ನಳಿಗೆಯ ಬಾಯಿಯ ಹತ್ತಿರ ಒಳಗಿನ ಅಳತೆಯನ್ನು ಕೊಂಚ ಕಿರಿದು ಮಾಡಿದರೆ ಚರೆ ಹರಡದೆ ಒತ್ತಾಗಿ ಹೋಗುತ್ತದೆ. ಇದಕ್ಕೆ ಚೋಕ್ ಎನ್ನುತ್ತಾರೆ. 1870ರ ದಶಕದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಚೋಕ್‌ನ ದೊಡ್ಡ ಅಲೆ ಎದ್ದಿತು. 1875ರ ಬಹಿರಂಗ ಸ್ಪರ್ಧೆಗಳಲ್ಲಿ ಕೋವಿ ತಯಾರಕ ಡಬ್ಲ್ಯೂ.ಡಬ್ಲ್ಯೂ. ಗ್ರೀನರ್ ಅವರ ಚೋಕ್ ಕೋವಿಗಳು ಎಲ್ಲರ ಕಣ್ಣು ತೆರೆಸಿದವು. ಕಿರಿದಾದ ಬಾಯಿಯ ನಳಿಗೆಯಲ್ಲಿ ಇಡೀ ಗುಂಡು ಹಾರಿಸಿದರೆ ನಳಿಗೆ ಹಾಳಾಗುತ್ತದೆ. ಹಾಗಾಗಿ ಪ್ರೂಫ್ ಹೌಸ್‌ಗಳು ಈ ಎಚ್ಚರಿಕೆ ಹೊಡೆಯಲು ಶುರು ಮಾಡಿದವು. ಆದರೆ 1887ರಲ್ಲಿ ನಿಯಮ ಬದಲಾಗಿ ಈ ಮಾತು ಹೋಯಿತು, 'ಚೋಕ್' ಎಂಬ ಒಂದೇ ಪದ ಬಂತು. ಅಂದರೆ ಇದು 1875ರಿಂದ 1887ರ ನಡುವಿನ ನಳಿಗೆ. ಪಕ್ಕದಲ್ಲೇ 12ಬಿ, 14ಎಂ ಎನ್ನುವ ಥರದ ಸಣ್ಣ ಮುದ್ರೆಗಳೂ ಇರಬೇಕು. ಬಿ ಎಂದರೆ ನಳಿಗೆಯ ಹಿಂಭಾಗದ ಒಳ ಅಳತೆ, ಎಂ ಎಂದರೆ ಬಾಯಿಯ ಅಳತೆ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ, ಕಾಣುತ್ತದೆ.

ಇನ್ನು ಪೆಟ್ಟಿಗೆ. ಮುಚ್ಚಳದಲ್ಲಿ ಕಾಲ್ದಳದ ರೆಜಿಮೆಂಟಿನ ಅಂಕೆ ಇದೆ ಎಂದಿರಿ. ಬ್ರಿಟಿಷ್ ಕಾಲ್ದಳದ ರೆಜಿಮೆಂಟುಗಳನ್ನು ಮೊದಲು ಅಂಕೆಯಿಂದಲೇ ಕರೆಯುತ್ತಿದ್ದರು. 1881ರ ಜುಲೈ 1ರಿಂದ ಚಿಲ್ಡರ್ಸ್ ಸುಧಾರಣೆ ಜಾರಿಗೆ ಬಂದು ಅಂಕೆಗಳು ಹೋದವು, ಕೌಂಟಿಗಳ ಹೆಸರು ಬಂದವು. ಕುದುರೆ ದಳಗಳ ಅಂಕೆ ಮಾತ್ರ ಹಾಗೇ ಉಳಿಯಿತು. ಅಂದಮೇಲೆ ಆ ಮುಚ್ಚಳದ ಬರಹ 1881ಕ್ಕಿಂತ ಹಿಂದಿನದಿರುವ ಸಂಭವ ಜಾಸ್ತಿ. ಸಂಭವ ಅಂತಲೇ ಹೇಳುತ್ತೇನೆ, ಯಾಕೆಂದರೆ ತಮ್ಮ ಹಳೆಯ ಅಂಕೆಯ ಮೇಲೆ ಅಭಿಮಾನವಿದ್ದ ಅಧಿಕಾರಿಗಳು ಅದನ್ನು ಅಷ್ಟು ಬೇಗ ಬಿಡಲಿಲ್ಲ. ಪೆಟ್ಟಿಗೆ ಇದೇ ಕೋವಿಯದೋ ಎಂಬುದನ್ನೂ ನೋಡಿ. ನಳಿಗೆ, ಹಿಡಿ, ಸಲಾಕೆ ಎಲ್ಲ ತಮ್ಮ ತಮ್ಮ ಗೂಡಿನಲ್ಲಿ ಅಲುಗಾಡದೆ ಕೂರಬೇಕು. ಬಟ್ಟೆಯ ಅಸ್ತರಿನಲ್ಲಿ ಹ್ಯಾಮರ್, ಲಿವರ್ ಒತ್ತಿದ ಗುರುತು ಇದೇ ಕೋವಿಯ ಆಕಾರಕ್ಕೆ ಸರಿಹೋಗಬೇಕು. ಬೇರೆ ಕೋವಿಯ ಪೆಟ್ಟಿಗೆ ಆಗಿದ್ದರೆ ಎಲ್ಲೋ ಒಂದು ಕಡೆ ಸಂದು, ಇಲ್ಲವೇ ಹೊಸ ಮರದ ತುಂಡು ಕಾಣುತ್ತದೆ. ಒಳಗಂಟಿಸಿದ ತಯಾರಕರ ಚೀಟಿಯ ವಿಳಾಸವೂ ಒಂದು ಸುಳಿವು. ಉದಾಹರಣೆಗೆ ಲಂಡನ್ನಿನ ಕೋವಿ ತಯಾರಕರಾದ ಪರ್ಡಿಯವರು 1880ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್ ಬಿಟ್ಟು ಸೌತ್ ಆಡ್ಲಿ ಸ್ಟ್ರೀಟಿಗೆ ಹೋದರು. ಚೀಟಿಯ ವಿಳಾಸವೂ ನಳಿಗೆಯ ಮುದ್ರೆಯೂ ಒಂದೇ ಕಾಲದ್ದಾಗಿರಬೇಕು, ಅಲ್ವಾ?

ಇಂಥ ಪೆಟ್ಟಿಗೆಗಳ ಮೇಲೆ ಹೆಸರಿನ ಮುಂದೆ ಬಿ.ಎಸ್.ಸಿ. ಎಂದು ಕಾಣುವುದುಂಟು. ಅದು ಪದವಿಯಲ್ಲ, ಬೆಂಗಾಲ್ ಸ್ಟಾಫ್ ಕೋರ್, ಅಂದರೆ ಬಂಗಾಳ ಸೇನೆಯ ಬ್ರಿಟಿಷ್ ಅಧಿಕಾರಿಗಳ ವರ್ಗ. 1861ರಲ್ಲಿ ಶುರುವಾಗಿ 1891ರಲ್ಲಿ ಇಂಡಿಯನ್ ಸ್ಟಾಫ್ ಕೋರ್‌ನಲ್ಲಿ ಸೇರಿಹೋಯಿತು. ಮೂರು ಅಕ್ಷರ ಮೂವತ್ತು ವರ್ಷದ ಗಡಿ ಹಾಕಿಕೊಡುತ್ತದೆ. ಸೇನೆಯವರ ವಸ್ತು ಓದುವಾಗ ಇದೇ ದೊಡ್ಡ ಅನುಕೂಲ. ಹುದ್ದೆ, ದಳ, ಅಂಕೆ ಎಲ್ಲಕ್ಕೂ ಇಸವಿ ಇದೆ. ಸಾಮಾನ್ಯ ಸಿರಿವಂತನ ಕೋವಿಗೆ ಈ ಸೌಕರ್ಯ ಇಲ್ಲ.

ಎರಡನ್ನೂ ಸೇರಿಸಿ. ನಳಿಗೆ 1875ರಿಂದ 1887, ಪೆಟ್ಟಿಗೆ ಬಹುಶಃ 1881ಕ್ಕೆ ಮೊದಲು. ಪೆಟ್ಟಿಗೆ ಈ ಕೋವಿಯದೇ ಆದರೆ ನಮಗೆ ಸಿಗುವುದು 1875ರಿಂದ 1881ರ ಆರು ವರ್ಷದ ಕಿಟಕಿ. ಬ್ರಿಟಿಷರು ಕ್ರಿಮಿಯಾದಲ್ಲಿ ಕಾದಿದ್ದು 1854ರಿಂದ 1856. ಹಾಗಾಗಿ ಈ ಕೋವಿ ಆ ಯುದ್ಧಕ್ಕೆ ಹೋಗಿರಲು ಸಾಧ್ಯವೇ ಇಲ್ಲ. ಮುದ್ರೆ ಇಲ್ಲದಿದ್ದರೂ ಇದನ್ನು ಹೇಳಬಹುದಿತ್ತು. ಆ ಕಾಲದಲ್ಲಿ ಇಂಗ್ಲಿಷ್ ಅಧಿಕಾರಿಯ ಬೇಟೆ ಕೋವಿ ಸಾಮಾನ್ಯವಾಗಿ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ನಿಮ್ಮದು ಹಿಂದಿನಿಂದ ತೋಟೆ ಹಾಕುವಂಥದ್ದು. ತಳದ ನಡುವೆ ಹೊಡೆತ ಬಿದ್ದಾಗ ಹಾರುವ ಈ ಬಗೆಯ ತೋಟೆ ಇಂಗ್ಲೆಂಡಿನಲ್ಲಿ ಚಾಲ್ತಿಗೆ ಬಂದದ್ದು 1861ರ ನಂತರ. ಮೇಲಿನ ಲಿವರ್ ತಿರುಗಿಸಿದರೆ ಕೆಳಗಿನ ಚಿಲಕ ಸರಿಯುವ ಏರ್ಪಾಡು 1863ರ ಪರ್ಡಿ ಪೇಟೆಂಟ್ ಮತ್ತು 1865ರ ಸ್ಕಾಟ್ ಪೇಟೆಂಟ್ ಎರಡೂ ಕೂಡಿದ ಮೇಲಿನ ಮಾತು.

ಹಾಗಂತ ಹಾಳೆಯನ್ನು ಹರಿದು ಬಿಸಾಡಬೇಡಿ. ಇದು ನನಗೆ ಬಹಳ ಮುಖ್ಯ ಅನಿಸುವ ವಿಷಯ. ಮನೆತನದ ಕಥೆಗಳು ಸುಳ್ಳಾಗುವುದಕ್ಕಿಂತ ಜಾಸ್ತಿ ಜಾರುತ್ತವೆ. ಅಜ್ಜ ಕ್ರಿಮಿಯಾದಲ್ಲಿ ಇದ್ದಿರಬಹುದು. ಅವರದೂ ಒಂದು ಕೋವಿ ಇದ್ದಿರಬಹುದು. ಮಗ ಹೊಸ ಕೋವಿ ಕೊಂಡ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜನ ಯುದ್ಧವೂ ಮಗನ ಕೋವಿಯೂ ಒಂದೇ ಮಾತಿನಲ್ಲಿ ಸೇರಿಕೊಂಡವು. 1878ರ ಸುಮಾರಿಗೆ ಕ್ಯಾಪ್ಟನ್ ಆಗಿದ್ದವನು ಮುಂದೆ ಜನರಲ್ ಆಗುವುದು ಏನೂ ವಿಚಿತ್ರವಲ್ಲ. 1878ರಿಂದ 1880ರ ಎರಡನೇ ಆಫ್ಘನ್ ಯುದ್ಧ, 1879ರ ಜುಲು ಯುದ್ಧ ಎರಡೂ ನಮ್ಮ ಕಿಟಕಿಯೊಳಗೇ ಬರುತ್ತವೆ. ಕಥೆಯಲ್ಲಿ ಒಂದು ಭಾಗ ಸುಳ್ಳಾದರೂ ಉಳಿದ ಭಾಗ ನಿಲ್ಲಬಹುದು.

ಇನ್ನೊಂದು ಮಾತು. ಇಂಥ ಕೋವಿ ಸೇನೆ ಕೊಟ್ಟ ಆಯುಧ ಅಲ್ಲ. ಅಧಿಕಾರಿ ಸ್ವಂತ ದುಡ್ಡಿನಲ್ಲಿ ಬೇಟೆಗೆಂದು ಕೊಂಡದ್ದು. ವರ್ಗವಾದಲ್ಲೆಲ್ಲ ಸಾಮಾನಿನ ಜೊತೆ ಅದೂ ಹೋಗುತ್ತಿತ್ತು. ಯುದ್ಧಕ್ಕೆ ಹೋದ ಕೋವಿ ಎಂದು ಯಾರಾದರೂ ಹೇಳಿದರೆ ನಾನು ಹುಷಾರಾಗುತ್ತೇನೆ. ಯುದ್ಧ ನಡೆದ ನಾಡಿನಲ್ಲಿ ಬಿಡುವಿನ ದಿನ ಹಕ್ಕಿ ಹೊಡೆದ ಕೋವಿ ಎಂದರೆ ನಂಬಲು ಸುಲಭ.

ಈಗ ಕೆತ್ತನೆ. ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಪಕ್ಕ ಕೂರಿ. ಮೊದಲು ನಾಯಿ, ಹಕ್ಕಿ ಬಿಟ್ಟು ಸ್ಕ್ರೂಗಳನ್ನು ನೋಡಿ. ಒಳ್ಳೆಯ ಲಂಡನ್ ಕೆಲಸದಲ್ಲಿ ಸ್ಕ್ರೂ ತಲೆಯ ಸೀಳುಗಳು ನಳಿಗೆಯ ಉದ್ದಕ್ಕೆ ನೇರವಾಗಿ ನಿಂತಿರುತ್ತವೆ. ತಲೆಯ ಮೇಲೂ ಪುಟ್ಟ ಹೂವಿನಂಥ ಕೆತ್ತನೆ ಇರುತ್ತದೆ. ಅದರ ಎಸಳು ಸುತ್ತಲಿನ ಬಳ್ಳಿಯ ಜೊತೆ ಸೇರಿಕೊಳ್ಳುತ್ತದೆ. ಸೀಳು ಕೂದಲೆಳೆಯಷ್ಟು ಕಿರಿದು. ಯಾರೋ ದಪ್ಪ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ದರೆ ಆ ಎಸಳು ಹರಿದಿರುತ್ತದೆ, ಸೀಳು ಓರೆಯಾಗಿ ನಿಂತಿರುತ್ತದೆ. ಕೋವಿಯ ಒಳಗೆ ಅಡ್ಡಾದಿಡ್ಡಿ ಕೈ ಹೋಗಿದೆ ಎಂದು ಅರ್ಥ.

ಆಮೇಲೆ ಬಳ್ಳಿ. ಆ ಕಾಲದ ಇಂಗ್ಲಿಷ್ ಕೆಲಸದಲ್ಲಿ ಹೂಗೊಂಚಲು ಮತ್ತು ಬಿಗಿಯಾಗಿ ಸುತ್ತಿದ ಸಣ್ಣ ಸುರುಳಿಗಳ ಮಾದರಿ ಬಹಳ ಮೆಚ್ಚುಗೆ ಪಡೆದದ್ದು. ಕೆತ್ತುವವನು ಮೊನಚಾದ ಉಳಿಯನ್ನು ಅಂಗೈಯಿಂದ ಒತ್ತುತ್ತ, ಕೆಲಸವನ್ನೇ ತಿರುಗಿಸುತ್ತ ಗೆರೆ ಎಳೆಯುತ್ತಾನೆ. ಒಂದೊಂದು ಸುರುಳಿಯೂ ತೆಳುವಾಗಿ ಶುರುವಾಗಿ, ತಿರುವಿನಲ್ಲಿ ದಪ್ಪಗಾಗಿ, ಮತ್ತೆ ತೆಳುವಾಗಿ ಮುಗಿಯುತ್ತದೆ. ಎರಡು ಸುರುಳಿ ಪೂರ್ತಿ ಒಂದೇ ಥರ ಇರುವುದಿಲ್ಲ. ಅಚ್ಚೊತ್ತಿದ ಕೆತ್ತನೆಯಲ್ಲಿ ಈ ಏರಿಳಿತ ಇಲ್ಲ, ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ. ಕೈ ಜಾಸ್ತಿ ಆಡುವ ಜಾಗದಲ್ಲಿ, ಅಂದರೆ ಲಿವರಿನ ಸುತ್ತ, ಕೆಳಗೆ ಸಮತೂಕಕ್ಕೆ ಹಿಡಿದು ನಡೆಯುವ ಕಡೆ, ಗೆರೆ ಸವೆದಿರಬೇಕು. ಹ್ಯಾಮರಿನ ಬುಡದ ಸಂದಿಯಲ್ಲಿ ಹೊಸದರಂತೆ ಇರಬೇಕು. ಸವೆತ ಹೀಗೆ ಬಳಕೆಗೆ ತಕ್ಕಂತೆ ಇದ್ದರೆ ಸಂತೋಷ. ಎಲ್ಲ ಕಡೆ ಒಂದೇ ಸಮ ಮಸುಕಾಗಿದ್ದರೆ ಯಾರೋ ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದಾರೆ. ಎಲ್ಲ ಕಡೆ ಚೂಪಾಗಿದ್ದು ಗೆರೆಯ ತಳ ಬೆಳ್ಳಗೆ ಹೊಳೆಯುತ್ತಿದ್ದರೆ ಹಳೆಯ ಗೆರೆಯ ಮೇಲೆ ಮತ್ತೆ ಉಳಿ ಓಡಿಸಿದ್ದಾರೆ. ಪಾಲಿಶ್ ಬೇಡ ಎಂದದ್ದು ಇದಕ್ಕೇ. ಕೆತ್ತನೆಯ ಅಂಚು ಒಮ್ಮೆ ಹೋದರೆ ಅದರ ಜೊತೆ ಸಾಕ್ಷಿಯೂ ಹೋಯಿತು.

ಬೆಳ್ಳಿ ಬಿಲ್ಲೆಯ ಹಕ್ಕಿ ತಲೆ ಕ್ರೆಸ್ಟ್, ಅಂದರೆ ಮನೆತನದ ಶಿರೋಚಿಹ್ನೆ. ಇಲ್ಲಿ ಜನ ಸುಲಭವಾಗಿ ಮೋಸಹೋಗುತ್ತಾರೆ. ಒಂದೇ ಕ್ರೆಸ್ಟನ್ನು ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಮನೆತನಗಳು ಇಟ್ಟುಕೊಂಡಿದ್ದವು. ಹಕ್ಕಿ ತಲೆ, ಸಿಂಹ, ಈಟಿ ಹಿಡಿದ ಕೈ ಇವೆಲ್ಲ ಬಹಳ ಸಾಮಾನ್ಯ. ಹಕ್ಕಿಯ ಜಾತಿ, ಕೊಕ್ಕಿನಲ್ಲಿ ಹಿಡಿದ ವಸ್ತು, ಕುತ್ತಿಗೆಯ ಪಟ್ಟಿ ಇಂಥ ಸಣ್ಣ ವಿವರ ಸೇರಿದರೆ ಪಟ್ಟಿ ಕಿರಿದಾಗುತ್ತದೆ, ಅಷ್ಟೇ. ಮೂರು ಅಕ್ಷರ ಕೂಡಿದರೆ ಇನ್ನೂ ಕಿರಿದಾಗುತ್ತದೆ. ಕ್ರೆಸ್ಟ್ ಒಂದರಿಂದಲೇ ಇವರದೇ ಕೋವಿ ಎಂದು ಹೇಳಿದವರ ಮಾತನ್ನು ನಾನು ಒಪ್ಪುವುದಿಲ್ಲ. ಬಿಲ್ಲೆಯನ್ನು ಆಮೇಲೆ ಕೂರಿಸಿದ್ದಾರೋ ಎಂದೂ ನೋಡಬೇಕು. ಹಿಡಿಯ ಗೀರು ಕೆತ್ತನೆ ಸವೆದು ನುಣ್ಣಗಾಗಿದ್ದು, ಬಿಲ್ಲೆಯ ಅಕ್ಷರ ಮಾತ್ರ ಉಗುರಿಗೆ ಚುಚ್ಚುವಂತಿದ್ದರೆ ಅನುಮಾನ ಪಡಿ. ಬಿಲ್ಲೆಯ ಸುತ್ತ ಮರದಲ್ಲಿ ಮೇಣ ತುಂಬಿದ ಸಂದಿದ್ದರೂ ಅಷ್ಟೇ. ಬೆಳ್ಳಿಯ ಮೇಲೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಇದ್ದರೆ ಬಹಳ ಒಳ್ಳೆಯದು. ಅದರಲ್ಲಿ ವರ್ಷದ ಅಕ್ಷರ ಇರುತ್ತದೆ. ಆ ವರ್ಷ ಕೋವಿಗಿಂತ ಎಷ್ಟೋ ಈಚಿನದಾದರೆ ಬಿಲ್ಲೆಯನ್ನು ಮಗನೋ ಮೊಮ್ಮಗನೋ ಹಾಕಿಸಿರಬಹುದು. ಅದೂ ಒಂದು ಇತಿಹಾಸವೇ, ಆದರೆ ಬೇರೆ ಇತಿಹಾಸ.

ಚಿನ್ನದ 2ರ ಬಗ್ಗೆ ನೀವು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಕುತೂಹಲ ಹುಟ್ಟಿಸಿದ್ದು ಅದೇ. ನಿಮ್ಮದು ಜೋಡಿಯಲ್ಲಿ ಎರಡನೆಯ ಕೋವಿ. ಓಡಿಸಿ ತಂದ ಹಕ್ಕಿಗಳನ್ನು ಒಂದರ ಹಿಂದೊಂದು ಹೊಡೆಯುವ ಬೇಟೆಯಲ್ಲಿ ಒಂದು ಕೋವಿಗೆ ಆಳು ತೋಟೆ ತುಂಬುತ್ತಿದ್ದಾಗ ಇನ್ನೊಂದನ್ನು ಹಾರಿಸುತ್ತಿದ್ದರು. ಅದಕ್ಕೆ ತೂಕ, ಹಿಡಿ, ಕೆತ್ತನೆ ಎಲ್ಲ ಒಂದೇ ಥರದ ಎರಡು ಕೋವಿ ಒಟ್ಟಿಗೆ ಮಾಡಿಸುತ್ತಿದ್ದರು. ತಂದೆ ತೀರಿದ ಮೇಲೆ ಇಬ್ಬರು ಗಂಡುಮಕ್ಕಳಿಗೆ ಒಂದೊಂದು ಹಂಚಿದರೆ ಜೋಡಿ ಒಡೆಯಿತು. ಸೇನೆಯ ಮನೆಗಳಲ್ಲಿ ಒಬ್ಬ ಮಗ ಯುದ್ಧದಲ್ಲಿ ಸತ್ತು ಅವನ ಪಾಲು ಇನ್ನೆಲ್ಲೋ ಹೋದದ್ದೂ ಉಂಟು. 1 ಎಂಬ ಅಂಕೆ ಹೊತ್ತ ಇದರ ಜೊತೆಗಾರ ಎಲ್ಲೋ ಇರಬಹುದು. ಅದರ ಹಿಂದಿನ ದಾಖಲೆ ಸಿಕ್ಕರೆ ನಿಮ್ಮದಕ್ಕೂ ಅದೇ ದಾಖಲೆ. ಜೋಡಿ ಮತ್ತೆ ಕೂಡಿದರೆ ಬೆಲೆ ಒಂಟಿ ಕೋವಿಯ ಎರಡು ಪಟ್ಟನ್ನೂ ಮೀರುತ್ತದೆ. ಒಂಟಿಯಾಗಿ ಮಾರುವಾಗ ಆ 2 ಕೊಂಚ ಬೆಲೆ ತಗ್ಗಿಸುತ್ತದೆ ಎಂಬುದೂ ನಿಜ.

ಇಷ್ಟೆಲ್ಲ ಕೋವಿಯ ಮಾತಾಯಿತು. ಕೋವಿಯನ್ನು ಒಬ್ಬ ಮನುಷ್ಯನಿಗೆ ಕಟ್ಟುವುದು ಮಾತ್ರ ಕಾಗದ. ಅದರಲ್ಲೂ ಒಂದು ಕಾಗದ ಉಳಿದೆಲ್ಲಕ್ಕಿಂತ ಮೇಲು: ತಯಾರಕರ ಲೆಡ್ಜರ್. ನಿಮ್ಮ ಕೋವಿಯ ಸೀರಿಯಲ್ ನಂಬರು ಟ್ರಿಗರ್ ಗಾರ್ಡಿನ ಬಾಲದ ಮೇಲೆ ಇರುತ್ತದೆ. ನಳಿಗೆಯ ತಳ, ನಳಿಗೆ ಬಂದು ಕೂರುವ ಲೋಹದ ಭಾಗವಾದ ಆಕ್ಷನ್, ಫೋರ್‌ಎಂಡಿನ ಕಬ್ಬಿಣ ಇಲ್ಲೂ ಅದೇ ನಂಬರು ಇದೆಯೇ ನೋಡಿ. ನಳಿಗೆಯಲ್ಲಿ ಬೇರೆ ನಂಬರಿದ್ದರೆ ನಳಿಗೆ ಬದಲಾಗಿದೆ, ಆಗ ಮೇಲಿನ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ಬಾಸ್, ವೆಸ್ಟ್ಲಿ ರಿಚರ್ಡ್ಸ್ ಇಂಥ ಹಳೆಯ ಮನೆಗಳ ದಾಖಲೆ ಉಳಿದಿವೆ. ಮುಚ್ಚಿಹೋದ ಅಂಗಡಿಗಳ ಪುಸ್ತಕಗಳೂ ಎಷ್ಟೋ ಸಲ ಬೇರೆ ತಯಾರಕರ ಕೈಯಲ್ಲಿ ಉಳಿದಿರುತ್ತವೆ. ಶುಲ್ಕ ಕಟ್ಟಿ ನಂಬರು ಕೊಟ್ಟರೆ ಹುಡುಕಿ ಹೇಳುತ್ತಾರೆ. ಯಾವಾಗ ಮುಗಿಯಿತು, ನಳಿಗೆ ಎಷ್ಟು ಇಂಚು, ಯಾರಿಗೆ ಮಾರಿದ್ದು. ಅಲ್ಲಿ ಕ್ಯಾಪ್ಟನ್ ಇಂಥವರು ಎಂದು ಬರೆದಿದ್ದು, ಬಿಲ್ಲೆಯ ಅಕ್ಷರಕ್ಕೂ ಪೆಟ್ಟಿಗೆಯ ಅಂಕೆಗೂ ಹೊಂದಿದರೆ ಕೆಲಸದ ಬಹುಪಾಲು ಮುಗಿದಂತೆ.

ಒಂದು ಪಕ್ಕದ ಮಾತು. ಅಧಿಕಾರಿಗಳ ಕೋವಿ ಎಂದರೆ ಪರ್ಡಿ, ಹಾಲೆಂಡ್ ಅಂತಲೇ ಎಲ್ಲರ ಮನಸ್ಸಿಗೆ ಬರುತ್ತದೆ. ಸಂಬಳದ ಮೇಲೆ ಬದುಕುವ ಕ್ಯಾಪ್ಟನ್ನನಿಗೆ ಅದು ಭಾರವಾಗುತ್ತಿತ್ತು. 1871ರಲ್ಲಿ ಸೇನೆ ಮತ್ತು ನೌಕಾಪಡೆಯ ಅಧಿಕಾರಿಗಳೇ ಸೇರಿ ಆರ್ಮಿ ಅಂಡ್ ನೇವಿ ಕೋ-ಆಪರೇಟಿವ್ ಸೊಸೈಟಿ ಕಟ್ಟಿಕೊಂಡರು. ಅಲ್ಲಿ ಬೇಕಾದ್ದೆಲ್ಲ ಸಿಗುತ್ತಿತ್ತು, ಕೋವಿಯೂ. ಬರ್ಮಿಂಗ್‌ಹ್ಯಾಮ್‌ನಲ್ಲಿ ವೆಬ್ಲಿಯಂಥವರಿಂದ ಮಾಡಿಸಿ ಸೊಸೈಟಿಯ ಹೆಸರಿನಲ್ಲಿ ಮಾರುತ್ತಿದ್ದರು. ನಿಜವಾಗಿ ಸೇನೆಯ ಬದುಕು ಕಂಡ ಕೋವಿಗಳಲ್ಲಿ ಅವು ಬಹಳ. ಸಂಗ್ರಹಕಾರರು ಅವನ್ನು ಇನ್ನೂ ಹೆಚ್ಚು ಗೌರವದಿಂದ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಲೆಡ್ಜರಿನಿಂದ ಹೆಸರು ಸಿಕ್ಕ ಮೇಲೆ ಮನುಷ್ಯನನ್ನು ಹುಡುಕುವುದು ಕಷ್ಟವಲ್ಲ. ಬ್ರಿಟಿಷ್ ಅಧಿಕಾರಿಗಳ ನೇಮಕ, ಬಡ್ತಿ ಎಲ್ಲ ಸರ್ಕಾರಿ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗುತ್ತಿತ್ತು. ಅದನ್ನು ಈಗ ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ಅಧಿಕಾರಿಗಳ ಪಟ್ಟಿಯಾದ ಹಾರ್ಟ್ ಅವರ ಆರ್ಮಿ ಲಿಸ್ಟ್‌ನಲ್ಲಿ ಯಾರು ಯಾವ ಯುದ್ಧದಲ್ಲಿದ್ದರು ಎಂಬ ಟಿಪ್ಪಣಿಯೂ ಇರುತ್ತದೆ. ಸೇವಾ ದಾಖಲೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಭಾರತೀಯ ಸೇನೆಯಲ್ಲಿ ಇದ್ದವರದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಉಯಿಲುಗಳಿಗೆ 1858ರಿಂದ ಒಂದೇ ಸೂಚಿ ಇದೆ. ಕೋವಿಗಳನ್ನು ಇಂಥ ಮಗನಿಗೆ ಎಂದು ಉಯಿಲಿನಲ್ಲಿ ಬರೆದದ್ದು ಸಿಕ್ಕರೆ ಎರಡನೇ ತಲೆಮಾರಿಗೂ ಕೊಂಡಿ ಬಿತ್ತು.

ಬೇಟೆಯ ದಿನಚರಿಯನ್ನೂ ಮರೆಯಬೇಡಿ. ಕರ್ನಲ್ ಪೀಟರ್ ಹಾಕರ್ ಎಂಬವರಿದ್ದರು. ಅವರ ತಂದೆಯೂ ಕರ್ನಲ್. ಇವರು ಕುದುರೆ ದಳವಾದ 14ನೇ ಲೈಟ್ ಡ್ರಗೂನ್ಸ್‌ನಲ್ಲಿ ಕ್ಯಾಪ್ಟನ್ ಆಗಿ 1809ರಲ್ಲಿ ಸ್ಪೇನಿನ ಟಾಲವೆರಾ ಕದನದಲ್ಲಿ ತೀವ್ರವಾಗಿ ಗಾಯಗೊಂಡರು. 1802ರಿಂದ 1853ರಲ್ಲಿ ಸಾಯುವ ತನಕ ದಿನಚರಿ ಬರೆದರು. ಜೋಸೆಫ್ ಮ್ಯಾಂಟನ್ ಮಾಡಿದ ಜೋಡುನಳಿಗೆ ಕೋವಿಗಳೆಂದರೆ ಅವರಿಗೆ ಪ್ರಾಣ. ಸೇನೆಯ ಮನುಷ್ಯ, ಹೆಸರಾಂತ ತಯಾರಕ, ಬರೆದಿಟ್ಟ ದಾಖಲೆ ಮೂರೂ ಒಂದೇ ಕಡೆ ಕೂಡುವುದು ಹೀಗೆ.

ಈಗ ನಿಮ್ಮ ಟೈಪ್ ಮಾಡಿದ ಹಾಳೆ. ಅದರಲ್ಲಿ ಬರೆದವರ ಹೆಸರಿದೆಯೇ? ತಾರೀಖು? ಸಹಿ? ಕೋವಿಯ ನಂಬರು? ನಂಬರಿಲ್ಲದ ಹಾಳೆಯನ್ನು ಯಾವ ಕೋವಿಯ ಜೊತೆಗೂ ಇಡಬಹುದು. ಹಾಗಾಗಿ ಅದು ಸಾಕ್ಷಿಯಲ್ಲ, ಬರೀ ಸುಳಿವು. ಹರಾಜಿನವರನ್ನು ಕೇಳಿ, ಕೋವಿ ಕೊಟ್ಟ ಮನೆಯವರಿಗೆ ನಿಮ್ಮ ಪತ್ರ ತಲುಪಿಸುತ್ತಾರೆಯೇ ಎಂದು. ಹಿರಿಯರು ಯಾರಾದರೂ ಇದ್ದರೆ ಅವರು ಯಾರ ಬಾಯಿಂದ ಏನು ಕೇಳಿದ್ದರು ಎಂಬುದನ್ನು ಅವರ ಮಾತಲ್ಲೇ ಬರೆಸಿ, ನಂಬರು ಸೇರಿಸಿ, ಸಹಿ ಹಾಕಿಸಿ. ಈ ಕೆಲಸಕ್ಕೆ ತಡ ಮಾಡಬೇಡಿ.

ಬೆಲೆಯ ಮಾತು ಇಲ್ಲಿಂದ ಶುರು. ಕಾಗದ ಗಟ್ಟಿಯಾಗಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ತುದಿಯ ಉದಾಹರಣೆ ಒಂದಿದೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾದ ಬೇಟೆಗೆ ಹೊರಟಾಗ ಫಿಲಡೆಲ್ಫಿಯಾದ ಎ.ಎಚ್. ಫಾಕ್ಸ್ ಕಂಪನಿ ಅವರಿಗೆ ಕೆತ್ತನೆಯ ಜೋಡುನಳಿಗೆ ಕೋವಿ ಮಾಡಿಕೊಟ್ಟಿತು. ಅದನ್ನು ಮೆಚ್ಚಿ ಅವರು ಕಂಪನಿಗೆ ಪತ್ರ ಬರೆದರು. ಅವರು 1898ರಲ್ಲಿ ರಫ್ ರೈಡರ್ಸ್ ಎಂಬ ಸ್ವಯಂಸೇವಕ ಸೇನಾ ದಳದ ಮುಂದಾಳು. ಮಗ ಬ್ರಿಗೇಡಿಯರ್ ಜನರಲ್ ಥಿಯೋಡರ್ ಜೂನಿಯರ್ 1944ರಲ್ಲಿ ನಾರ್ಮಂಡಿಯ ದಡಕ್ಕೆ ಮೊದಲ ಅಲೆಯಲ್ಲೇ ಇಳಿದವರು. ತಂದೆ ಮಗ ಇಬ್ಬರಿಗೂ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್. ಆ ಕೋವಿ 2010ರ ಹರಾಜಿನಲ್ಲಿ 8,62,500 ಡಾಲರಿಗೆ ಹೋಯಿತು. ಮಾಡಿಸಿದ್ದು, ಕೊಟ್ಟದ್ದು, ಬಳಸಿದ್ದು ಎಲ್ಲಕ್ಕೂ ಬರಹ ಇದ್ದದ್ದರಿಂದ ಆ ಬೆಲೆ. ಸುಮ್ನೆ ರೂಸ್‌ವೆಲ್ಟ್ ಮನೆಯದಂತೆ ಎಂದಿದ್ದರೆ ಅದು ಅಂದವಾದ ಇನ್ನೊಂದು ಫಾಕ್ಸ್ ಕೋವಿ ಅಷ್ಟೇ.

ನಿಮ್ಮದರ ಬೆಲೆ ಫೋಟೋ ನೋಡಿ ಹೇಳುವ ಯಾರನ್ನೂ ನಂಬಬೇಡಿ. ತಯಾರಕ ಯಾರು, ಭಾಗಗಳು ಮೂಲದವೇ, ನಳಿಗೆಯ ಗೋಡೆ ಎಷ್ಟು ದಪ್ಪ ಉಳಿದಿದೆ, ಕೆತ್ತನೆ ಎಷ್ಟು ಚೂಪಾಗಿದೆ, ಈ ನಾಲ್ಕು ಮೊದಲು. ಮನೆತನದ ಹೆಸರು ಅದರ ಮೇಲೆ ಕೂರುವ ಬೆಲೆ. ಕಾಗದವಿಲ್ಲದೆ ಆ ಹೆಸರಿಗೆ ಒಂದು ಪೈಸೆಯನ್ನೂ ಜಾಸ್ತಿ ಕೊಡಬಾರದು, ಕೇಳಲೂಬಾರದು.

ಹಾರಿಸುವುದು ಯಾಕೆ ಬೇಡ ಎಂದೆ? ನೀವು ಕಂಡ ಸುಳಿ ವಿನ್ಯಾಸ ಡಮಾಸ್ಕಸ್ ನಳಿಗೆಯದು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಬೆಸೆದು, ಕಾಯಿಸಿ ತಿರುಚಿ, ಅಂಥ ಎರಡು ಮೂರು ಸರಳನ್ನು ಜಡೆಯ ಎಳೆಗಳಂತೆ ಪಕ್ಕಪಕ್ಕ ಕೂಡಿಸಿ, ಕಂಬಿಗೆ ಸುತ್ತಿ ಬಡಿದು ಕೊಳವೆ ಮಾಡುತ್ತಿದ್ದರು. ಆಮೇಲೆ ತುಕ್ಕು ಹಿಡಿಸುವ ಬ್ರೌನಿಂಗ್ ಕ್ರಿಯೆಯಲ್ಲಿ ಎರಡು ಲೋಹಗಳು ಬೇರೆ ಬಣ್ಣ ತಾಳಿ ಸುಳಿ ಎದ್ದು ಕಾಣುತ್ತದೆ. ಒಳ್ಳೆಯ ಡಮಾಸ್ಕಸ್ ದುರ್ಬಲ ಎಂಬ ಮಾತು ಪೂರ್ತಿ ನಿಜವಲ್ಲ. ಎಷ್ಟೋ ಡಮಾಸ್ಕಸ್ ನಳಿಗೆಗಳು ಈಚಿನ ನೈಟ್ರೋ ಪ್ರೂಫ್ ಪರೀಕ್ಷೆಯಲ್ಲೂ ಪಾಸಾಗಿವೆ. ಆದರೆ ನಿಮ್ಮ ನಳಿಗೆ ಕಪ್ಪು ಮದ್ದಿನ ಕಾಲದ್ದು. ಹೊಗೆರಹಿತ ಮದ್ದಿನ ನೈಟ್ರೋ ಪರೀಕ್ಷೆ ಬಂದದ್ದು 1896ರಲ್ಲಿ. ಎನ್‌ಪಿ ಅಕ್ಷರಗಳ ಮುದ್ರೆ ಇಲ್ಲದಿದ್ದರೆ ಇಂದಿನ ತೋಟೆಗೆ ಅದನ್ನು ಯಾರೂ ಪರೀಕ್ಷಿಸಿಲ್ಲ. ಇನ್ನೊಂದು ಅಪಾಯ ತೋಟೆ ಕೂರುವ ಗೂಡಿನದು. ಆಗಿನದು ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ ಸುಮಾರು 65 ಮಿಲಿಮೀಟರು. ಈಗಿನ ತೋಟೆ ಸಾಮಾನ್ಯವಾಗಿ 70 ಮಿಲಿಮೀಟರು ಅಥವಾ ಇನ್ನೂ ಉದ್ದ. ಹಾರದ ತೋಟೆ ಒಳಗೆ ಸಲೀಸಾಗಿ ಕೂರುತ್ತದೆ. ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಬೋರಿನ, ಅಂದರೆ ನಳಿಗೆಯ ಒಳ ಅಗಲದ, ಅಳತೆಯನ್ನೂ ತಜ್ಞರು ನೋಡಬೇಕು. 12 ಬೋರ್ ಎಂದರೆ 0.729 ಇಂಚು. ತುಕ್ಕು ತೆಗೆಯಲು ಒಳಗೆ ಉಜ್ಜಿ ಉಜ್ಜಿ ಗೋಡೆ ತೆಳುವಾದ ನಳಿಗೆಗಳು ಬಹಳ. ಗೋಡೆ 0.020 ಇಂಚಿಗಿಂತ, ಅಂದರೆ ಅರ್ಧ ಮಿಲಿಮೀಟರಿಗಿಂತ ತೆಳುವಾದರೆ ಬಲ್ಲವರು ಹಿಂದೆ ಸರಿಯುತ್ತಾರೆ. ಖಾಲಿ ಹ್ಯಾಮರ್ ಬಿಟ್ಟು ಟಕ್ ಅನ್ನಿಸುವುದೂ ಬೇಡ, ಒಳಗಿನ ಹಳೆಯ ಭಾಗ ಮುರಿಯುತ್ತದೆ.

ಕಾನೂನಿನ ಬಗ್ಗೆ ಒಂದು ಎಚ್ಚರ. ಹಳೆಯದು ಅಂದ ಮಾತ್ರಕ್ಕೆ ಪರವಾನಗಿ ಬೇಡ ಅಂತಿಲ್ಲ. ಅಮೆರಿಕದ ಫೆಡರಲ್ ಕಾನೂನು 1898ರ ತನಕ ಮಾಡಿದ್ದನ್ನು ಪುರಾತನ ಎಂದು ಬೇರೆ ಇಡುತ್ತದೆ. ಬ್ರಿಟನ್ನಿನಲ್ಲಿ ಹಾಗಲ್ಲ, ತೋಟೆ ಇಂದೂ ಸಿಗುವ 12 ಬೋರ್ ಕೋವಿಗೆ ಸರ್ಟಿಫಿಕೇಟ್ ಬೇಕು. ನೀವಿರುವ ಕಡೆಯ ನಿಯಮ ಮೊದಲು ಕೇಳಿಕೊಳ್ಳಿ, ಗಡಿ ದಾಟಿಸುವ ಮುಂಚೆಯಂತೂ ಕಡ್ಡಾಯ.

ಆರೈಕೆ ಸರಳ. ಒಣ ಮೆತ್ತನೆ ಬಟ್ಟೆ, ಲೋಹಕ್ಕೆ ತೆಳುವಾಗಿ ಎಣ್ಣೆ, ಅಷ್ಟೇ. ಸ್ಟೀಲ್ ವೂಲ್, ಮರಳು ಕಾಗದ, ಬ್ರಾಸೋ ಹತ್ತಿರ ಸುಳಿಯಬಾರದು. ಎಣ್ಣೆ ಜಾಸ್ತಿಯಾದರೆ ಲಾಕಿನಿಂದ ಮರಕ್ಕೆ ಇಳಿದು ಹಿಡಿಯ ತಲೆ ಕಪ್ಪಾಗಿ ಮೆತ್ತಗಾಗುತ್ತದೆ. ಕೋವಿಯನ್ನು ಆ ಚರ್ಮದ ಪೆಟ್ಟಿಗೆಯಲ್ಲಿ ಕಾಯಂ ಇಡಬೇಡಿ. ಚರ್ಮವೂ ಬಟ್ಟೆಯೂ ತೇವ ಹಿಡಿದಿಟ್ಟು ಲೋಹಕ್ಕೆ ತುಕ್ಕು ತರುತ್ತವೆ. ಪೆಟ್ಟಿಗೆಯ ಮಾಸಿದ ಅಕ್ಷರಕ್ಕೆ ಬಣ್ಣ ತುಂಬಲು ಯಾರಾದರೂ ಮುಂದೆ ಬಂದರೆ ಬೇಡ ಎನ್ನಿ.

ಮೊದಲು ನಳಿಗೆಯ ತಳ, ನಂಬರುಗಳು, ಬಿಲ್ಲೆ, ಮುಚ್ಚಳ ಇವುಗಳ ಫೋಟೋವನ್ನು ಓರೆ ಬೆಳಕಿನಲ್ಲಿ ತೆಗೆಯಿರಿ. ಆಮೇಲೆ ತಯಾರಕರ ದಾಖಲೆ ಇರುವವರಿಗೆ ಬರೆಯಿರಿ. ಪತ್ರದಲ್ಲಿ ಜನರಲ್ ಹೆಸರನ್ನಾಗಲಿ ಕಥೆಯನ್ನಾಗಲಿ ಹೇಳಬೇಡಿ. ನಂಬರು ಕೊಟ್ಟು, ಇದು ಮೊದಲು ಯಾರಿಗೆ ಹೋಯಿತು, ಜೊತೆಯ ಒಂದನೇ ಕೋವಿಯ ನಂಬರು ಏನು, ಆಮೇಲೆ ದುರಸ್ತಿಗೆ ಯಾರಾದರೂ ತಂದಿದ್ದರೇ ಎಂದು ಮಾತ್ರ ಕೇಳಿ. ದುರಸ್ತಿಯ ದಾಖಲೆ ಇದ್ದರೆ ಅಲ್ಲಿ ಮುಂದಿನ ತಲೆಮಾರಿನ ಹೆಸರು ಸಿಗಬಹುದು. ಉತ್ತರ ಬಂದಾಗ ಅದರ ಪ್ರತಿಯನ್ನೂ ಮುದ್ರೆಗಳ ಫೋಟೋವನ್ನೂ ನನಗೆ ಕಳಿಸಿ. ಆರ್ಮಿ ಲಿಸ್ಟ್‌ನಲ್ಲಿ ಆ ಕ್ಯಾಪ್ಟನ್ ಎಲ್ಲಿದ್ದಾರೆ ಎಂದು ಹುಡುಕಿಕೊಡುತ್ತೇನೆ.